ಪುನರುತ್ಥಾನಗೊಂಡ ಯೇಸುವಿನ ದೇಹ ಎಂಥದ್ದು?

ಪ್ರಶ್ನೆ: ಲೂಕನ ಸುವಾರ್ತೆಯ 24ನೆಯ ಅಧ್ಯಾಯದಲ್ಲಿ ಯೇಸು ತನಗೆ ಮಾಂಸವೂ ಎಲುಬುಗಳೂ ಉಂಟೆಂದು ಹೇಳಿ, ಶಿಷ್ಯರ ಕಣ್ಣೆದುರೇ ಸುಟ್ಟ ಮೀನಿನ ತುಂಡನ್ನು ತಿನ್ನುತ್ತಾನೆ, ಆದರೆ ರಕ್ತಮಾಂಸವು ದೇವರ ರಾಜ್ಯದಲ್ಲಿ ಪಾಲು ಹೊಂದಲಾರದೆಂದು ಆದಿ ಕ್ರೈಸ್ತ ಪ್ರಚಾರಕನಾದ ಪೌಲನು ಕೊರಿಂಥ ಪಟ್ಟಣದ ಕ್ರೈಸ್ತರಿಗೆ ಬರೆಯುತ್ತಾನೆ. ಇವೆರಡನ್ನೂ ಹೊಂದಿಸಿ ಓದುವುದು ಹೇಗೆ?

ಉತ್ತರ 1: ಕ್ಯಾಥೊಲಿಕ್, ಆರ್ಥಡಾಕ್ಸ್ ಮತ್ತು ಬಹುಪಾಲು ಪ್ರೊಟೆಸ್ಟೆಂಟ್ ಸಭೆಗಳ ಪ್ರಕಾರ ಸಮಾಧಿಯಲ್ಲಿಟ್ಟ ದೇಹವೇ ಮಹಿಮೆ ಹೊಂದಿ ಎದ್ದಿತು. ಆದ್ದರಿಂದಲೇ ಯೊಹಾನನ ಸುವಾರ್ತೆಯಲ್ಲಿ, ಬಾಗಿಲುಗಳು ಮುಚ್ಚಿರುವಾಗಲೇ ಒಳಗೆ ಬಂದು ನಿಂತವನ ಕೈಗಳಲ್ಲಿ ಮೊಳೆಯ ಗಾಯಗಳೂ ಇವೆ. ಪೌಲನು ನಿರಾಕರಿಸಿದ್ದು ದೇಹವನ್ನಲ್ಲ, ಅದರ ನಶ್ವರತೆಯನ್ನು.

ಉತ್ತರ 2: ಯೆಹೋವನ ಸಾಕ್ಷಿಗಳು ಎಂಬ ಪಂಥದವರು ಇದನ್ನು ಒಪ್ಪುವುದಿಲ್ಲ. ಯೇಸು ಆತ್ಮಜೀವಿಯಾಗಿ ಎದ್ದನು, ಶಿಷ್ಯರಿಗೆ ಕಾಣಿಸಿಕೊಳ್ಳಲು ಮಾತ್ರ ಮಾನವ ದೇಹವನ್ನು ಧರಿಸಿದನು ಎಂಬುದು ಅವರ ಬೋಧನೆ. ಹಾಗಾದರೆ ಯೇಸು ಎದ್ದದ್ದನ್ನು ಮೊದಲು ನಂಬದಿದ್ದ ಶಿಷ್ಯ ತೋಮನು ಕಂಡ ಗಾಯಗಳು ಯಾವ ದೇಹದವು ಎಂಬ ಆಕ್ಷೇಪ ನನಗಂತೂ ಬಲವಾದದ್ದಾಗಿ ಕಾಣುತ್ತದೆ.

ಉತ್ತರ 3: ಜರ್ಮನಿಯ ದೇವತಾಶಾಸ್ತ್ರಜ್ಞ ರುಡಾಲ್ಫ್ ಬುಲ್ಟ್‌ಮನ್ 1941ರಲ್ಲಿ ಬೇರೆಯೇ ದಾರಿ ಹಿಡಿದರು: ಪುನರುತ್ಥಾನವು ಶಿಲುಬೆಯ ಅರ್ಥವನ್ನು ಹೇಳುವ ಬಗೆಯೇ ಹೊರತು ಚರಿತ್ರೆಯ ಮತ್ತೊಂದು ಘಟನೆಯಲ್ಲ. ಆದರೆ ಎದ್ದ ಕ್ರಿಸ್ತನನ್ನು ಐನೂರಕ್ಕೂ ಹೆಚ್ಚು ಮಂದಿ ಕಂಡರು, ಅವರಲ್ಲಿ ಬಹುತೇಕರು ಇನ್ನೂ ಬದುಕಿದ್ದಾರೆ ಎಂದು ಬರೆದ ಪೌಲನು ಇದನ್ನು ಒಪ್ಪುತ್ತಿದ್ದನೆಂದು ನನಗೆ ತೋರುವುದಿಲ್ಲ.