ಸಿಗ್ನಲ್‌ನಲ್ಲಿ ನಿಂತರೆ ಬೈಕಿನ ಟೆಂಪರೇಚರ್ ಲೈಟ್ ಬರ್ತದೆ, ಗೊತ್ತಿದ್ದವರು ಹೇಳಿ

ಪ್ರಶ್ನೆ, ಉಡುಪಿಯಿಂದ:
200 ಸಿಸಿ ಲಿಕ್ವಿಡ್ ಕೂಲ್ಡ್ ಬೈಕು, ಎಫ್‌ಐ (ಫ್ಯೂಯಲ್ ಇಂಜೆಕ್ಷನ್), 41,000 ಕಿ.ಮೀ. ಓಡಿದೆ. ಕಲ್ಸಂಕ ಸಿಗ್ನಲಿನಲ್ಲಿ ಐದು ನಿಮಿಷ ಸಿಕ್ಕಿಬಿದ್ದರೆ ಕೆಂಪು ಲೈಟ್ ಬರ್ತದೆ, ಹೈವೇಗೆ ಇಳಿದರೆ ಹೋಗ್ತದೆ. ಗ್ಯಾರೇಜಿನಲ್ಲಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಬದಲಿಸಿದ್ರು, ಎರಡು ದಿನ ಸರಿ ಇತ್ತು. ಈಗ ರೇಡಿಯೇಟರನ್ನೇ ಬದಲಿಸಬೇಕು ಅಂತಾರೆ. ಅದಕ್ಕಿಂತ ಮೊದಲು ಮನೆಯಲ್ಲೇ ಎಂತ ನೋಡ್ಬಹುದು?

ಸುರತ್ಕಲ್‌ನಿಂದ:
ರೇಡಿಯೇಟರಿಗೆ ಈಗಲೇ ದುಡ್ಡು ಹಾಕ್ಬೇಡಿ ಮಾರಾಯ್ರೆ. ಲೈಟ್ ಯಾವಾಗ ಬರ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಉಂಟು. ನಿಂತಾಗ ಬಂದು ಓಡುವಾಗ ಹೋದರೆ ಮೊದಲ ಅನುಮಾನ ರೇಡಿಯೇಟರಿಗೆ ಗಾಳಿ ಎಳೆಯುವ ಫ್ಯಾನಿನ ಮೇಲೆ. ಆಗುಂಬೆ ಘಾಟಿ ಹತ್ತುವಾಗಲೋ ಹೈವೇಯಲ್ಲೋ ಓಡ್ತಾ ಇರುವಾಗಲೇ ಬಂದರೆ ಕೂಲೆಂಟ್ ಕಡಿಮೆ ಇರ್ಬಹುದು, ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲೆಂಟಿಗೆ ದಾರಿ ಬಿಡುವ ವಾಲ್ವ್) ತೆರೆಯದೆ ಇರ್ಬಹುದು, ರೇಡಿಯೇಟರ್ ಒಳಗೆ ಕಟ್ಟಿರ್ಬಹುದು. ಬೆಳಿಗ್ಗೆ ತಣ್ಣಗಿರುವ ಎಂಜಿನ್ನಿನಲ್ಲಿ ಕೀ ತಿರುಗಿಸಿದ ಕೂಡಲೇ ಮೀಟರ್ ಪೂರ್ತಿ ಬಿಸಿ ತೋರಿಸಿದರೆ ಅದು ಬಿಸಿಯೇ ಅಲ್ಲ, ಸೆನ್ಸರಿನ ವೈರ್ ಎಲ್ಲೋ ಉಜ್ಜಿ ಬೈಕಿನ ಲೋಹಕ್ಕೆ ತಾಗಿದೆ.

ನಿಮ್ಮ ಬೈಕಿನಲ್ಲಿ ಇನ್ನೊಂದು ಸುಳಿವು ಉಂಟು. ಇಂಥ ಹೆಚ್ಚಿನ ಎಫ್‌ಐ ಬೈಕುಗಳಲ್ಲಿ ಲೈಟಿಗೂ ಫ್ಯಾನಿಗೂ ಒಂದೇ ಸೆನ್ಸರ್. ಲೈಟ್ ಸರಿಯಾಗಿ ಬರ್ತದೆ ಅಂದ್ರೆ ಬಿಸಿಯಾದದ್ದು ಇಸಿಯುಗೆ (ಬೈಕಿನ ಕಂಪ್ಯೂಟರಿಗೆ) ಗೊತ್ತಾಗಿದೆ. ಹಾಗಾಗಿ ಸೆನ್ಸರ್ ಬದಲಿಸುವುದು ದಂಡ. ಲೈಟ್ ಬಂದಾಗ ಫ್ಯಾನ್ ತಿರುಗ್ತಾ ಉಂಟಾ ನೋಡಿ. ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ಫ್ಯಾನಿನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಬಿಚ್ಚಿ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ಪ್ಲಸ್, ಮೈನಸ್ ಅದಲು ಬದಲಾಗ್ಬಾರ್ದು, ಹಾಗೆ ಆದರೆ ಫ್ಯಾನ್ ಉಲ್ಟಾ ತಿರುಗ್ತದೆ. ತೆಳು ಕಾಗದದ ಚೂರನ್ನು ರೇಡಿಯೇಟರಿನ ಮುಂಭಾಗಕ್ಕೆ ಹಿಡಿದರೆ ಅದು ಅಂಟಿಕೊಳ್ಳಬೇಕು. ಹಾರಿಹೋದರೆ ಯಾರೋ ವೈರ್ ಉಲ್ಟಾ ಹಾಕಿದ್ದಾರೆ.

ಎಣ್ಣೆ ಡಬ್ಬಿ ಚಿತ್ರದ ಲೈಟ್ ಬೇರೆ, ಅದನ್ನು ಇದರ ಜೊತೆ ಸೇರಿಸ್ಬೇಡಿ. ಓಡುವಾಗ ಅದು ಬಂದರೆ ಎಂಜಿನ್ ಆ ಕ್ಷಣವೇ ಆಫ್.

ಕಾರ್ಕಳದಿಂದ:
ಫ್ಯಾನ್ ಸರಿ, ಆದರೆ ಕೂಲೆಂಟ್ ಹಾಕಿ ಎರಡು ದಿನ ಸರಿ ಇದ್ದದ್ದು ಯಾಕೆ ಅಂತಲೂ ನೋಡ್ಬೇಕಲ್ಲ. ಲೆವೆಲ್ ಇಳಿದಿದೆ ಅಂತ ನನ್ನ ಲೆಕ್ಕ. ಹೊರಗಿನ ಕೂಲೆಂಟ್ ಡಬ್ಬಿ ತುಂಬಿದೆ ಅಂದ ಮಾತ್ರಕ್ಕೆ ರೇಡಿಯೇಟರ್ ತುಂಬಿದೆ ಅಂತ ಅಲ್ಲ, ಹೆಚ್ಚಿನವರು ಎಡವುವುದು ಇಲ್ಲೇ. ರಾತ್ರಿಯಿಡೀ ತಣಿದ ಬೈಕಿನ ರೇಡಿಯೇಟರ್ ಕ್ಯಾಪ್ ತೆಗೆಯಿರಿ. ಬಿಸಿ ಇರುವಾಗ ಕೈ ಹಾಕ್ಬೇಡಿ, ಒತ್ತಡಕ್ಕೆ ಕುದಿಯುವ ಕೂಲೆಂಟ್ ಮುಖಕ್ಕೆ ಹಾರ್ತದೆ. ಕೂಲೆಂಟ್ ಕುತ್ತಿಗೆಯವರೆಗೆ ನಿಂತಿರಬೇಕು.

ಡಬ್ಬಿಯಲ್ಲಿ ಮ್ಯಾಕ್ಸ್ ಗೆರೆ ದಾಟಿ, ರೇಡಿಯೇಟರಿನಲ್ಲಿ ಕಡಿಮೆ ಇದ್ದರೆ ಕ್ಯಾಪ್ ಹೋಗಿದೆ, ಇಲ್ಲವೇ ನಡುವಿನ ಸಣ್ಣ ಪೈಪ್ ಸೀಳಿದೆ. ಕ್ಯಾಪಿನಲ್ಲಿ ಎರಡು ವಾಲ್ವ್. ದೊಡ್ಡ ಸ್ಪ್ರಿಂಗಿನದ್ದು ಒತ್ತಡ ಹಿಡಿಯಲಿಕ್ಕೆ, ಮಧ್ಯದ ಚಿಕ್ಕದ್ದು ತಣಿಯುವಾಗ ಡಬ್ಬಿಯಿಂದ ವಾಪಸ್ ಎಳೆದುಕೊಳ್ಳಲಿಕ್ಕೆ. ಚಿಕ್ಕದನ್ನು ಉಗುರಿನಲ್ಲಿ ಎತ್ತಿ ಬಿಡಿ, ಟಕ್ ಅಂತ ಕೂತುಕೊಳ್ಳಬೇಕು. ರಬ್ಬರ್ ಗಟ್ಟಿಯಾಗಿದ್ದರೆ ಬೇರೆ ಹಾಕಿ, ಕ್ಯಾಪಿನ ತಲೆಯ ಮೇಲೆ 1.1 (ಒತ್ತಡದ ಅಳತೆ) ಅಂತ ಅಚ್ಚಾಗಿದ್ದರೆ 1.1ರದ್ದೇ. ಸಮ ಸಮ ಬೆರೆಸಿದ ಕೂಲೆಂಟ್ ಒತ್ತಡವಿಲ್ಲದೆ ಸುಮಾರು 107 ಡಿಗ್ರಿಯಲ್ಲಿ ಕುದೀತದೆ, ಕ್ಯಾಪ್ ಒತ್ತಡ ಹಿಡಿದರೆ 125 ದಾಟ್ತದೆ. ಫ್ಯಾನ್ ಶುರುವಾಗುವುದೇ 100ರ ಆಸುಪಾಸು ಆದ ಕಾರಣ ಈ ಅಂತರ ಬೇಕೇ ಬೇಕು.

ಹೆಡ್ ಗ್ಯಾಸ್ಕೆಟ್ (ಸಿಲಿಂಡರಿಗೂ ಹೆಡ್ಡಿಗೂ ನಡುವಿನ ಸೀಲ್) ಅನುಮಾನ ಇದ್ದರೆ, ತಣ್ಣಗಿರುವಾಗ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಒತ್ತಿ ನೋಡಿ. ಒಂದೇ ನಿಮಿಷದಲ್ಲಿ ಕಲ್ಲಿನ ಹಾಗೆ ಆದರೆ ಸಿಲಿಂಡರಿನ ಗ್ಯಾಸ್ ಒಳಗೆ ಬರ್ತಾ ಉಂಟು. ಆಯಿಲ್ ಲೆವೆಲ್ ನೋಡುವ ಗಾಜಿನ ಕಿಟಕಿಯಲ್ಲಿ ಹಾಲು ಹಾಕಿದ ಚಾದ ಬಣ್ಣ ಕಂಡರೂ ಗ್ಯಾಸ್ಕೆಟ್ ಅಥವಾ ವಾಟರ್ ಪಂಪ್ ಸೀಲ್. ಮಳೆಗಾಲದಲ್ಲಿ ದಿನಾ ಎರಡೇ ಕಿಲೋಮೀಟರ್ ಓಡಿಸುವವರ ಬೈಕಿನಲ್ಲಿ ತೇವಾಂಶದಿಂದಲೂ ಸ್ವಲ್ಪ ಹಾಗೆ ಆಗ್ತದೆ, ಅರ್ಧ ಗಂಟೆ ಓಡಿಸಿ ಪುನಃ ನೋಡಿ. ಪಂಪಿನ ಅಡಿಯ ಸಣ್ಣ ತೂತಿನಿಂದ ಹನಿ ಬಿದ್ದರೆ ಸೀಲ್ ಹೋಗಿದೆ. ಆ ತೂತನ್ನು ಎಂ-ಸೀಲ್ ಹಾಕಿ ಮುಚ್ಚಬಾರದು, ಸೋರಿದ್ದು ಆಯಿಲಿಗೆ ಸೇರ್ತದೆ.

ಮೂಲ್ಕಿಯಿಂದ:
ಬೋರ್‌ವೆಲ್ ನೀರು ಹಾಕ್ಲೇಬೇಡಿ, ನಮ್ಮ ಕಡಲ ಕರೆಯ ನೀರಿನ ಉಪ್ಪು ಅಲ್ಯುಮಿನಿಯಂ ತಿನ್ತದೆ. ರೆಡಿ ಮಿಕ್ಸ್ ಕೂಲೆಂಟ್, ಅಥವಾ ಕಾನ್ಸಂಟ್ರೇಟಿಗೆ ಬ್ಯಾಟರಿ ನೀರು ಸಮ ಸಮ. ಹಾಕುವಾಗ ನಿಧಾನ, ಬೈಕನ್ನು ಎಡಕ್ಕೆ ಬಲಕ್ಕೆ ವಾಲಿಸಿ ಗುಳ್ಳೆ ಬಿಡಿಸಿ, ಕ್ಯಾಪ್ ತೆಗೆದೇ ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಇಟ್ಟು ಇಳಿದಷ್ಟು ತುಂಬಿಸಿ. ಮರುದಿನ ತಣ್ಣಗೆ ಮತ್ತೆ ನೋಡಿ. ಗಾಳಿ ಉಳಿದಿದ್ದರೂ ಲೈಟ್ ಬರ್ತದೆ. ತೆಗೆದ ಹಳೆ ಕೂಲೆಂಟನ್ನು ಅಂಗಳದಲ್ಲಿ ಬಕೆಟಿನಲ್ಲಿ ಇಡ್ಬೇಡಿ, ಸಿಹಿ ಇರ್ತದೆ, ನಾಯಿ ನೆಕ್ಕಿದರೆ ಉಳಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ನೋಡಿದೆ. ರೇಡಿಯೇಟರಿನಲ್ಲಿ ಒಂದು ಇಂಚು ಕಡಿಮೆ, ಡಬ್ಬಿ ಮ್ಯಾಕ್ಸ್‌ಗಿಂತ ಮೇಲೆ. ಹೊಸ ಕ್ಯಾಪಿಗೆ ಹೇಳಿದ್ದೇನೆ. ಫ್ಯಾನ್ ಬ್ಯಾಟರಿಗೆ ಕೊಟ್ಟರೆ ತಿರುಗ್ತದೆ, ಫ್ಯೂಸ್ ಸರಿ ಉಂಟು. ಬಿಸಿಯಾದಾಗ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್) ಟಿಕ್ ಅಂತದೆ. ಬಿಚ್ಚಿದ ಕಪ್ಲರಿನಲ್ಲಿ 12.4 ವೋಲ್ಟ್ ತೋರಿಸ್ತದೆ. ಆದರೂ ಸಿಕ್ಕಿಸಿದರೆ ಫ್ಯಾನ್ ತಿರುಗುವುದಿಲ್ಲ!

ಸುರತ್ಕಲ್‌ನಿಂದ:
ಬಿಚ್ಚಿದ ಕಪ್ಲರಿನ 12.4ನ್ನು ನಂಬ್ಬೇಡಿ ಅಣ್ಣ. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಅಷ್ಟೇ ತೋರಿಸ್ತದೆ, ಫ್ಯಾನ್ ಕೇಳುವ ಕರೆಂಟ್ ಮಾತ್ರ ಅದರಲ್ಲಿ ಹೋಗುವುದಿಲ್ಲ. ಕಪ್ಲರ್ ಸಿಕ್ಕಿಸಿಯೇ ಹಿಂದಿನಿಂದ ಸೂಜಿ ಚುಚ್ಚಿ ಅಳೆಯಿರಿ. ಮೀಟರಿನ ಕೆಂಪು ಕಡ್ಡಿ ಫ್ಯಾನಿನ ಅರ್ತ್ (ಮೈನಸ್) ಪಿನ್ನಿಗೆ, ಕಪ್ಪು ಕಡ್ಡಿ ಬ್ಯಾಟರಿ ಮೈನಸ್ಸಿಗೆ. ರಿಲೇ ಆನ್ ಇರುವಾಗ ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಅರ್ತ್ ಹಾಳು. ಅಲ್ಲಿ ಸೊನ್ನೆಯ ಹತ್ತಿರ ಇದ್ದು ಪ್ಲಸ್ ಪಿನ್ನಿನಲ್ಲಿ 12 ಕುಸಿದಿದ್ದರೆ ರಿಲೇಯ ಒಳಗಿನ ಪಾಯಿಂಟ್ ಸುಟ್ಟಿದೆ ಅಥವಾ ಅಲ್ಲಿಂದ ಬರುವ ವೈರ್ ಹಾಳು. ರಿಲೇ ತೆಗೆದು ಅದರ 30, 87 ನಂಬರಿನ ಪಿನ್ ಕೂರುವ ಸಾಕೆಟ್ ಎರಡನ್ನು ತುಂಡು ವೈರಿನಿಂದ ಸೇರಿಸಿದಾಗ ಫ್ಯಾನ್ ತಿರುಗಿದರೆ ಹಾಳಾದದ್ದು ರಿಲೇಯೇ.

ಕಡಲ ಗಾಳಿಗೆ ಹೆಚ್ಚಾಗಿ ಹೋಗುವುದು ಅರ್ತ್. ಪಿನ್ನಿನ ಮೇಲೆ ಹಸಿರು ಕಿಲುಬು ಕಂಡರೆ ಅದನ್ನು ಕೆರೆದು ಬಿಡ್ಬೇಡಿ, ಪಿನ್ನಿನಿಂದ ಒಂದು ಇಂಚು ಹಿಂದೆ ವೈರಿನ ಸಿಪ್ಪೆ ಸುಲಿದು ನೋಡಿ. ಒಳಗಿನ ತಾಮ್ರ ಕಪ್ಪಾಗಿದ್ದರೆ ಕೆಂಪು ತಾಮ್ರ ಸಿಗುವವರೆಗೆ ಕತ್ತರಿಸುತ್ತಾ ಹೋಗಿ. ಕಪ್ಪು ತಾಮ್ರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ಹೊಸ ತುಂಡು ಸೇರಿಸಿ, ಹೀಟ್ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ಹಾಕಿ, ಕಪ್ಲರಿಗೆ ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಅಲ್ಲಿವರೆಗೆ ಕಲ್ಸಂಕದಲ್ಲಿ ನಿಂತಾಗ ಎಂಜಿನ್ ಆಫ್ ಮಾಡಿ.