ಸ್ಪ್ರಿಂಗ್ ಏರ್ ರೈಫಲ್‌ಗೆ ಮೊದಲ ಸ್ಕೋಪ್: ಒಂದು ಹಾಳಾಯ್ತು, ಈಗ ಯಾವುದು ತಗೊಳ್ಳಲಿ?

ಹೆತ್ತೂರು ಕಾಫಿ:

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಹೋದ ದೀಪಾವಳಿಗೆ .177 (ಅಂದರೆ 4.5 ಮಿ.ಮೀ.) ಸ್ಪ್ರಿಂಗ್ ಏರ್ ರೈಫಲ್ ತಗೊಂಡೆ, ನಳಿಗೆ ಬಗ್ಗಿಸಿ ಪೆಲೆಟ್ (ಸಣ್ಣ ಗುಂಡು) ಹಾಕುವ ಥರದ್ದು. ಕಾಫಿ ಒಣಗಿಸುವ ಕಣದ ಕೊನೆಯಲ್ಲಿ ಮರಳಿನ ಮೂಟೆ ಪೇರಿಸಿ, ಅದರ ಮುಂದೆ ಕಾಗದ ಅಂಟಿಸಿ ಹೊಡೆಯುತ್ತೇನೆ. 10ರಿಂದ 25 ಮೀಟರ್ ದೂರ, ಅಷ್ಟೇ. ಹಕ್ಕಿ, ಮಂಗ ಯಾವುದರ ತಂಟೆಗೂ ಹೋಗುವುದಿಲ್ಲ.

ನನಗೆ ಈಗ 46. ಗುರಿ ನೋಡಲು ರೈಫಲ್ ಮೇಲಿರುವ ಹಿಂದಿನ ಕಚ್ಚು, ಮುಂದಿನ ಮೊನೆ, ಗುರಿ ಮೂರೂ ಒಟ್ಟಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಅದಕ್ಕೇ ಪೇಟೆಯಿಂದ ಒಂದು 3-9×40 ಸ್ಕೋಪ್ (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಲೆನ್ಸ್ 40 ಮಿ.ಮೀ. ಇರುವ ದುರ್ಬೀನು) ತಂದು ಹಾಕಿದೆ. ಮೊದಲ ವಾರ ಚೆನ್ನಾಗಿತ್ತು. 300 ಪೆಲೆಟ್ ಆಗುವಷ್ಟರಲ್ಲಿ ಒಂದು ಎಡಕ್ಕೆ, ಇನ್ನೊಂದು ಕೆಳಕ್ಕೆ ಬೀಳೋಕೆ ಶುರುವಾಯ್ತು. ಬಿಚ್ಚಿ ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಏನೋ ಟಕ್ ಟಕ್ ಅನ್ನುತ್ತದೆ. ಜೊತೆಗೆ 9ಕ್ಕೆ ತಿರುಗಿಸಿದರೆ 10 ಮೀಟರ್‌ನಲ್ಲಿ ಎಲ್ಲ ಮಂಜು ಮಂಜು.

ಈ ಸಲ ಸ್ವಲ್ಪ ದೊಡ್ಡದೇ ತಗೊಳ್ಳೋಣ, 6-24×50 ಅಂತ ಮನಸ್ಸಿದೆ. ಸರೀನಾ? ಬಲ್ಲವರು ಹೇಳಿ.

ಮೈಸೂರು ಪೆಲೆಟ್:

ಸರ್, ದಯವಿಟ್ಟು 6-24×50 ತಗೊಳ್ಳಬೇಡಿ. ನಾನು ಒಂಬತ್ತು ವರ್ಷದಿಂದ ಸ್ಪ್ರಿಂಗ್ ರೈಫಲ್ ಹೊಡೆಯುತ್ತಿದ್ದೇನೆ. ನಿಮ್ಮ ಹಾಗೇ ನನ್ನ ಮೊದಲ ಸ್ಕೋಪ್ ಕೂಡ ಹೋಯ್ತು. ಎರಡೇ ತಿಂಗಳು. ಅಂಗಡಿಯವರು ‘ದೊಡ್ಡ ಕೋವಿಗೇ ತಡೆಯುತ್ತೆ, ಇದಕ್ಕೆ ತಡೆಯಲ್ವಾ?’ ಅಂದಿದ್ದರು. ನಾನೂ ನಂಬಿದೆ. ವಿಷಯ ಇರುವುದೇ ಅಲ್ಲಿ.

ಮದ್ದಿನ ಕೋವಿ ಹಿಂದಕ್ಕೆ ಒದೆಯುತ್ತದೆ. ಸ್ಪ್ರಿಂಗ್ ರೈಫಲ್ ಎರಡು ಸಲ ಒದೆಯುತ್ತದೆ. ಟ್ರಿಗರ್ ಎಳೆದ ತಕ್ಷಣ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಬರುತ್ತದೆ. ಪಿಸ್ಟನ್ ಸಿಲಿಂಡರಿನ ಕೊನೆ ಮುಟ್ಟಿ ನಿಂತಾಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೇ ಜಗ್ಗು ಸ್ಕೋಪಿಗೆ ಉಲ್ಟಾ ದಿಕ್ಕಿನದು. ಮದ್ದಿನ ಕೋವಿಗೆ ಅಂತ ಮಾಡಿದ ಎಷ್ಟೋ ಸ್ಕೋಪ್‌ಗಳ ಒಳಗಿನ ಲೆನ್ಸು, ಗುರಿ ನೋಡುವ ಗೆರೆ ಇದನ್ನು ತಡೆಯುವುದಿಲ್ಲ. ನಿಮಗೆ ಕೇಳಿಸುವ ಟಕ್ ಟಕ್ ಅದೇ ಇರಬೇಕು. ಡಬ್ಬಿಯ ಮೇಲೆ ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದೆ ಅಂತ ಸ್ಪಷ್ಟವಾಗಿ ಬರೆದಿರಬೇಕು. ಬರೆದಿಲ್ಲ ಅಂದ್ರೆ ವಾಪಸ್ ಕೊಟ್ಟು ಬನ್ನಿ.

ಇನ್ನು ಮಂಜಿನ ವಿಷಯ. ಸಾಮಾನ್ಯ ಸ್ಕೋಪನ್ನು ಕಾರ್ಖಾನೆಯಲ್ಲೇ 100 ಗಜಕ್ಕೆ ಹೊಂದಿಸಿರುತ್ತಾರೆ. ನೀವು ಹೊಡೆಯುವುದು 10 ಮೀಟರ್‌ಗೆ, ಅದಕ್ಕೇ ಮಂಜು. ಗುರಿಯೂ ತಪ್ಪುತ್ತದೆ. ಒಂದು ಪರೀಕ್ಷೆ ಮಾಡಿ. ಪೆಲೆಟ್ ಹಾಕದೆ, ರೈಫಲನ್ನು ಮೂಟೆ ಮೇಲೆ ಅಲುಗದ ಹಾಗೆ ಇಟ್ಟು, ಕೈ ಮುಟ್ಟಿಸದೆ ತಲೆ ಮಾತ್ರ ಆಚೆ ಈಚೆ ಮಾಡುತ್ತಾ ನೋಡಿ. ರೈಫಲ್ ಕದಲಿಲ್ಲ, ಆದರೂ ಗೆರೆ ಕಾಗದದ ಮೇಲೆ ಓಡಾಡುತ್ತದೆ. 40 ಮಿ.ಮೀ. ಲೆನ್ಸಿನಲ್ಲಿ, 10 ಮೀಟರ್‌ಗೆ, ಇದೊಂದರಿಂದಲೇ ಗುರಿ ಒಂದೂವರೆ ಸೆಂಟಿಮೀಟರ್‌ಗಿಂತ ಜಾಸ್ತಿ ತಪ್ಪಬಹುದು. ಇದಕ್ಕೆ ಪ್ಯಾರಲಾಕ್ಸ್ ಅನ್ನುತ್ತಾರೆ. ದೂರಕ್ಕೆ ತಕ್ಕಂತೆ ಹೊಂದಿಸಲು ಮುಂದಿನ ಲೆನ್ಸಿನ ಸುತ್ತ ತಿರುಗುವ ಉಂಗುರ ಇರುವ ಸ್ಕೋಪ್ ನೋಡಿ, ‘ಎ.ಓ.’ ಅಂತ ಕೇಳಿದರೆ ಕೊಡುತ್ತಾರೆ. ಆ ಉಂಗುರದ ಮೇಲೆ 10 ಗಜದಿಂದ ಅಂಕಿ ಶುರುವಾಗಿರಬೇಕು.

ಎಷ್ಟು ಪಟ್ಟು ದೊಡ್ಡದು ಕಾಣಬೇಕು ಅನ್ನುವುದು ಕೊನೆಯ ಮಾತು. ನಾನು ಈಗಲೂ 25 ಮೀಟರ್‌ಗೆ 4ರಿಂದ 6ರ ಮೇಲೆ ಹೋಗುವುದಿಲ್ಲ. 24ಕ್ಕೆ ಇಟ್ಟರೆ ನಿಮ್ಮ ಎದೆ ಬಡಿತವೂ ಕಾಣುತ್ತದೆ, ಕೈ ಗಾಬರಿಯಾಗುತ್ತದೆ. ತೂಕವೂ ಜಾಸ್ತಿ. ತೂಕ ಹೆಚ್ಚಾದಷ್ಟೂ ಆ ಜಗ್ಗಿಗೆ ಸ್ಕೋಪ್ ಹಿಂದಕ್ಕೆ ಜಾರುತ್ತದೆ. 4×32 ಅಥವಾ 3-9×40, ಎ.ಓ. ಇರುವುದು, ಸಾಕು.

ಸ್ಕೋಪನ್ನು ರೈಫಲ್ ಮೇಲೆ ಕೂರಿಸುವ ಮೌಂಟ್ ಮರೆಯಬೇಡಿ. ಎರಡು ಬಿಡಿ ಉಂಗುರ ಬೇಡ, ಒಂದೇ ತುಂಡಿನದು ತಗೊಳ್ಳಿ. ಅದರ ಅಡಿಯಲ್ಲಿ ಬೆಂಕಿಕಡ್ಡಿ ತಲೆಯಷ್ಟು ಒಂದು ಪಿನ್ ಇರುತ್ತದೆ. ರೈಫಲ್ ಮೇಲಿನ ತೂತಿನಲ್ಲಿ ಅದು ಕೂತರೆ ಸ್ಕೋಪ್ ಜಾರಲ್ಲ. ನಿಮ್ಮದರಲ್ಲಿ 11 ಮಿ.ಮೀ. ಕಾಲುವೆ ಇದೆಯಾ, ಅಗಲವಾದ ಹಲ್ಲಿನ ರೈಲು ಇದೆಯಾ ನೋಡಿಕೊಂಡು ಹೋಗಿ. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೆ ಕೂರಲ್ಲ.

ಗೋಣಿಕೊಪ್ಪ ಕೋವಿ:

ಮೇಲಿನವರು ಹೇಳಿದ್ದು ಸರಿ. ಆದರೆ ಸ್ಕೋಪೇ ಯಾಕೆ? ನನಗೆ 58. ಏರ್ ರೈಫಲ್‌ಗೆ ಪೀಪ್ ಸೈಟ್ ಹಾಕಿದ್ದೇನೆ. ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ, ಅಷ್ಟೇ. ಸಣ್ಣ ತೂತಿನಲ್ಲಿ ನೋಡಿದಾಗ ಹತ್ತಿರದ್ದೂ ದೂರದ್ದೂ ಸುಮಾರಾಗಿ ಒಟ್ಟಿಗೇ ಸ್ಪಷ್ಟವಾಗುತ್ತದೆ, ವಯಸ್ಸಾದ ಕಣ್ಣಿಗೆ ಅದು ದೊಡ್ಡ ಉಪಕಾರ. ಒಡೆಯೋಕೆ ಲೆನ್ಸೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಪಂದ್ಯದಲ್ಲೂ ಸ್ಕೋಪ್ ಇಲ್ಲ, ಪೀಪೇ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್! ನಮ್ಮಲ್ಲಿ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ನಾನು ಇವತ್ತಿಗೂ ಬರೀ ಕಣ್ಣನ್ನೇ ನಂಬುವುದು.

ಮೈಸೂರು ಪೆಲೆಟ್:

ಅಣ್ಣ, ಪೀಪ್ ಬಗ್ಗೆ ನೂರಕ್ಕೆ ನೂರು ಒಪ್ಪುತ್ತೇನೆ, ಬೆಳಕು ಇದ್ದರೆ. ಅವರದು ಮಲೆನಾಡು. ಮಳೆಗಾಲದಲ್ಲಿ ನಾಲ್ಕು ಗಂಟೆಗೇ ಮರದಡಿ ಕತ್ತಲೆ, ಆ ತೂತಿನಲ್ಲಿ ಏನೂ ಕಾಣಲ್ಲ. ಅದಕ್ಕೇ ನಾನು ಸ್ಕೋಪ್ ಅಂದಿದ್ದು.

ಹೆತ್ತೂರು ಕಾಫಿ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ತಲೆ ಆಡಿಸುವ ಪರೀಕ್ಷೆ ಮಾಡಿದೆ. ಗೆರೆ ನಿಜವಾಗಲೂ ಓಡಾಡುತ್ತದೆ, ಮಗಳನ್ನು ಕರೆದು ತೋರಿಸಿದೆ. ಎ.ಓ. ಇರುವ 4×32, ಒಂದೇ ತುಂಡಿನ ಮೌಂಟ್ ತಂದೆ. ಪಿನ್ ಕೂರಿಸಿದೆ. 20 ಮೀಟರ್‌ನಲ್ಲಿ ಮೊದಲ ಐದು ಪೆಲೆಟ್ ಎರಡು ಸೆಂಟಿಮೀಟರ್ ಬಲಕ್ಕೆ ಬಿದ್ದವು, ಆದರೆ ಐದೂ ಒಂದೇ ಕಡೆ. ಸ್ಕೋಪಿನ ತಿರುಪನ್ನು ಒಂದು ಕ್ಲಿಕ್ ತಿರುಗಿಸಿದರೆ ಎಷ್ಟು ಸರಿಯುತ್ತೆ? ಸ್ಕೋಪಿನ ಮೇಲೆ ಕಾಲು ಎಂ.ಓ.ಎ. ಅಂತಿದೆ. ಇನ್ನೊಂದು, 5 ಮೀಟರ್‌ಗೆ ಹೊಡೆದರೆ ತೀರಾ ಕೆಳಗೆ ಬೀಳುತ್ತೆ. ಏನಾದರೂ ತಪ್ಪಾಗಿದೆಯಾ?

ಮೈಸೂರು ಪೆಲೆಟ್:

ಐದೂ ಒಂದೇ ಕಡೆ ಅಂದ್ರೆ ಅರ್ಧ ಕೆಲಸ ಮುಗೀತು, ಖುಷಿಯಾಯ್ತು ಸರ್! ಎಂ.ಓ.ಎ. ಕೋನದ ಒಂದು ಅಳತೆ. ಕಾಲು ಎಂ.ಓ.ಎ. ಅಂದರೆ 100 ಮೀಟರ್‌ಗೆ ಸುಮಾರು 7 ಮಿ.ಮೀ. 20 ಮೀಟರ್‌ಗೆ ಅದರ ಐದನೇ ಒಂದು ಭಾಗ, ಒಂದೂವರೆ ಮಿ.ಮೀ.ಗೆ ಸ್ವಲ್ಪ ಕಡಿಮೆ. ಎಡಕ್ಕೆ 14 ಕ್ಲಿಕ್ ತಿರುಗಿಸಿ, ಮತ್ತೆ ಐದು ಹೊಡೆಯಿರಿ. ಒಂದೊಂದು ಗುಂಡಿಗೂ ತಿರುಗಿಸುತ್ತಾ ಕೂರಬೇಡಿ.

5 ಮೀಟರ್‌ನಲ್ಲಿ ಕೆಳಗೆ ಬೀಳುವುದು ತಪ್ಪಲ್ಲ. ಸ್ಕೋಪ್ ಇರುವುದು ನಳಿಗೆಗಿಂತ ನಾಲ್ಕು ಸೆಂಟಿಮೀಟರ್ ಮೇಲೆ. ಅಷ್ಟು ಹತ್ತಿರದಲ್ಲಿ ಪೆಲೆಟ್ ಇನ್ನೂ ಗೆರೆಯ ಮಟ್ಟಕ್ಕೆ ಏರಿರುವುದಿಲ್ಲ. ಹೊಡೆಯುವಾಗ ಮುಂಭಾಗದ ಮರವನ್ನು ಮೂಟೆ ಮೇಲೆ ನೇರವಾಗಿ ಇಡಬೇಡಿ. ಎಡ ಅಂಗೈ ಮೂಟೆ ಮೇಲೆ, ರೈಫಲ್ ಅಂಗೈ ಮೇಲೆ, ಬಿಗಿ ಹಿಡಿಯದೆ. ಅದು ಒದೆಯೋಕೆ ಬಿಡಿ. ಮುಂದಿನ ಐದರ ಫೋಟೋ ಹಾಕಿ.