ಮೆಟಲ್ ಲೇತಿಗೆ ಕೈ ಉಳಿಯ ರೆಸ್ಟ್ ಕೂರಿಸಿದವರು ಅನುಭವ ಹೇಳಿ

ಸಂಜೆಶೆಡ್
ನನ್ನ ಹತ್ತಿರ ಒಂದು ಸಣ್ಣ ಮೆಟಲ್ ಲೇತ್ ಇದೆ. ಸ್ವಿಂಗ್ (ತಿರುಗಿಸಬಹುದಾದ ಅತಿ ದೊಡ್ಡ ವ್ಯಾಸ) 180 ಮಿ.ಮೀ., ಸೆಂಟರ್‌ಗಳ ನಡುವೆ 300 ಮಿ.ಮೀ. ಅರಗಳಿಗೆ ಮರದ ಹಿಡಿ, ಡ್ರಾಯರಿಗೆ ಹಿತ್ತಾಳೆಯ ದುಂಡು ನಾಬ್, ಇಂಥವನ್ನು ಕೈಯಲ್ಲೇ ಉಳಿ ಹಿಡಿದು ಕಡೆಯುವ ಆಸೆ. ಅದಕ್ಕೆ ಉಳಿಯನ್ನು ಊರಿ ಹಿಡಿಯುವ ಒಂದು ಟೂಲ್ ರೆಸ್ಟ್ ಮಾಡಿಕೊಳ್ಳಬೇಕು. ನನ್ನ ಕ್ರಾಸ್ ಸ್ಲೈಡಿನಲ್ಲಿ (ಉಳಿಯನ್ನು ಅಡ್ಡಕ್ಕೆ ಓಡಿಸುವ ಭಾಗ) ಟಿ-ಸ್ಲಾಟ್ (ಬೋಲ್ಟ್ ಕೂರಿಸುವ ಟಿ ಆಕಾರದ ಸೀಳು) ಇಲ್ಲ, ಕಾಂಪೌಂಡ್ (ಅದರ ಮೇಲಿನ ಸಣ್ಣ ಸ್ಲೈಡ್) ಹಿಡಿದಿರುವ ಎರಡು ಬೋಲ್ಟ್ ಅಷ್ಟೇ ಇವೆ. ರೆಸ್ಟನ್ನು ಬೆಡ್ (ಲೇತಿನ ಉದ್ದ ತಳಹಳಿ) ಮೇಲೆ ಕೂರಿಸಲಾ, ಕ್ರಾಸ್ ಸ್ಲೈಡ್ ಮೇಲಾ? ರೆಸ್ಟನ್ನು ಹೊರುವ ಪೋಸ್ಟ್ ಎಷ್ಟು ದಪ್ಪ ಇರಬೇಕು? ಮಾಡಿ ನೋಡಿದವರು ದಯವಿಟ್ಟು ಹೇಳಿ.

ಹಳೇಲೇತು
ಟಿ-ಸ್ಲಾಟಿನ ವಿಷಯದಲ್ಲಿ ಹುಷಾರು ಸಾರ್. ನಾನು ಕಳೆದುಕೊಂಡಿದ್ದು ಅಲ್ಲೇ.

ನನ್ನದು ದೊಡ್ಡ ಲೇತ್, ಕ್ರಾಸ್ ಸ್ಲೈಡ್ ಉದ್ದಕ್ಕೂ ಎರಡು ಸ್ಲಾಟ್. ರೆಸ್ಟಿನ ಬುಡಕ್ಕೆ ಕೈಗೆ ಸಿಕ್ಕ ಟಿ-ನಟ್ (ಸ್ಲಾಟಿನೊಳಗೆ ಕೂರುವ ನಟ್) ಹಾಕಿದೆ. ಸ್ಲಾಟಿಗಿಂತ ಸಣ್ಣದು, ಉದ್ದವೂ ಕಡಿಮೆ. ಕಡೆಯುವಾಗ ರೆಸ್ಟ್ ಸ್ವಲ್ಪ ತಿರುಗಿತು. ಬಿಗಿ ಮಾಡಿದೆ. ಮತ್ತೆ ತಿರುಗಿತು. ಸ್ಪ್ಯಾನರಿಗೆ ಪೈಪ್ ತೂರಿಸಿ ಇನ್ನೂ ಬಿಗಿ ಮಾಡಿದೆ. ಟಕ್ ಅಂತ ಒಂದೇ ಸದ್ದು. ಸ್ಲಾಟಿನ ತುಟಿ ನನ್ನ ಹೆಬ್ಬೆರಳಿನಷ್ಟು ಉದ್ದ ಮುರಿದು ಬಂತು. ಬೀಡುಕಬ್ಬಿಣ ಬಾಗುವುದಿಲ್ಲ, ನೇರ ಮುರಿಯುತ್ತದೆ. ಮುರಿದ ಜಾಗ ಬೂದು ಬಣ್ಣದ ಸಕ್ಕರೆಯ ಹಾಗೆ ಮಿನುಗುತ್ತಿತ್ತು. ಅರ್ಧ ಗಂಟೆ ಅದನ್ನೇ ನೋಡುತ್ತಾ ಕೂತಿದ್ದೆ.

ನಿಕಲ್ ರಾಡಿನಲ್ಲಿ ವೆಲ್ಡ್ ಮಾಡಿಸಿದೆ. ಬಿಸಿಗೆ ಸ್ಲೈಡ್ ತಿರುಚಿಕೊಂಡಿತು. ತಳವನ್ನು ಮತ್ತೆ ಸ್ಕ್ರೇಪ್ ಮಾಡಲು (ಕೆರೆದು ಸಮ ಮಾಡಲು) ಎಂಟು ಸಂಜೆ ಹೋಯಿತು. ಗಿಬ್ (ಸ್ಲೈಡಿನ ಸಡಿಲ ತೆಗೆಯುವ ಪಟ್ಟಿ) ಹೊಸದು ಮಾಡಬೇಕಾಯಿತು. ಇವತ್ತಿಗೂ ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ಬಿಗಿ ಒಂದೇ ಇಲ್ಲ. ಟಿ-ನಟ್ ಸ್ಲಾಟಿಗೆ ಸರಿಯಾಗಿ ಕೂರಬೇಕು, ಉದ್ದ ಇರಬೇಕು. ಅಷ್ಟೇ ನನ್ನ ಮಾತು.

ಹಿತ್ತಾಳೆಪ್ರಿಯ
ಬೆಡ್ ಮೇಲೆ ಕೂರಿಸಿ. ನಾನು ಹಾಗೇ ಮಾಡಿದ್ದು, ನಾಲ್ಕು ವರ್ಷದಿಂದ ಅಲುಗಿಲ್ಲ.

ಬುಡಕ್ಕೆ 20 ಮಿ.ಮೀ. ದಪ್ಪದ ಪ್ಲೇಟ್. ನನ್ನ ಬೆಡ್ಡಿನಲ್ಲಿ ಮುಂದೆ ವಿ (ತಲೆಕೆಳಗಾದ ವಿ ಆಕಾರದ ಏಣು), ಹಿಂದೆ ಫ್ಲಾಟ್. ಫ್ಲಾಟ್ ಪ್ಲೇಟನ್ನೇ ವಿ ಮೇಲೆ ಇಟ್ಟು ಬಿಗಿದರೆ ವಿ ತುದಿ ಕಚ್ಚುತ್ತದೆ, ಲೇತಿನ ಜೀವಕ್ಕೇ ಕುತ್ತು. ಹಾಗಾಗಿ ಪ್ಲೇಟಿನ ತಳದಲ್ಲಿ ವಿ ತೋಡು ಅರದಲ್ಲಿ ತೆಗೆದೆ. ಬೆಡ್ಡಿಗೆ ನೀಲಿ ಬಣ್ಣ ಬಳಿಯುವುದು, ಪ್ಲೇಟ್ ಇಟ್ಟು ಒಂದು ಸಲ ಎಳೆಯುವುದು, ತಿರುಗಿಸಿ ನೋಡುವುದು, ನೀಲಿ ಹತ್ತಿದ ಕಡೆ ಮಾತ್ರ ಉಜ್ಜುವುದು. ಮೊದಲ ದಿನ ಎರಡು ಚುಕ್ಕಿ ಕಂಡವು. ಆರನೇ ಭಾನುವಾರ ಪೂರ್ತಿ ಗೆರೆ ಬಂತು. ಅವತ್ತು ಆದ ಖುಷಿ ಹೇಳಲಾರೆ.

ಪೋಸ್ಟ್ ಮೊದಲು 12 ಮಿ.ಮೀ. ಹಾಕಿದ್ದೆ. ರೆಸ್ಟಿನ ತುದಿಗೆ ಉಳಿ ಹೋದ ಕೂಡಲೇ ಅದುರುತ್ತಿತ್ತು, ಹಿತ್ತಾಳೆ ಮೇಲೆ ಮೀನಿನ ಹುರುಪೆಯ ಹಾಗೆ ಗುರುತು. 16ಕ್ಕೆ ಬದಲಾಯಿಸಿದೆ, ಅರ್ಧ ಗುಣವಾಯಿತು. ಕೊನೆಗೆ 20. ಆಮೇಲೆ ಅದುರಿಲ್ಲ. ಅಂದರೆ ಸಾಕೆಟನ್ನು ಮೂರು ಸಲ ಬೋರ್ ಮಾಡಿದೆ.

ರೆಸ್ಟಿನ ಮೇಲಂಚಿಗೆ 6 ಮಿ.ಮೀ. ಗಟ್ಟಿ ರಾಡ್ ವೆಲ್ಡ್ ಮಾಡಿದ್ದೆ. ತಣ್ಣಗಾದಾಗ ರೆಸ್ಟ್ ಬಾಳೆಕಾಯಿ ಆಗಿತ್ತು. ಎರಡನೇ ಸಲ ಬೆಸುಗೆ ಬೇಡ ಅಂತ ತೋಡು ತೆಗೆದು ಎಪಾಕ್ಸಿಯಲ್ಲಿ ಅಂಟಿಸಿದೆ. ಅದು ಈಗಲೂ ನೇರವಾಗಿದೆ.

ಮರದ ಮಗ್ಗಲು
ನನ್ನ ಸಲಹೆ ಒಂದೇ. ಮೆಟಲ್ ಲೇತಿನಲ್ಲಿ ಮರ ಬೇಡ. ನಾನು ಒಂದು ವರ್ಷ ಮಾಡಿದೆ, ಆಮೇಲೆ ಪ್ರತ್ಯೇಕ ಮರದ ಲೇತ್ ತಂದೆ. ಮೊದಲೇ ತರಬೇಕಿತ್ತು.

ಮರದ ಹೊಟ್ಟು ಎಣ್ಣೆ ಕುಡಿಯುತ್ತದೆ. ಬೆಡ್ಡಿಗೆ ಬೆಳಿಗ್ಗೆ ಹಚ್ಚಿದ ಎಣ್ಣೆ ಮಧ್ಯಾಹ್ನಕ್ಕೆ ಇರುವುದಿಲ್ಲ. ಓಕ್ ಥರದ ಟ್ಯಾನಿನ್ ಜಾಸ್ತಿ ಇರುವ ಹಸಿ ಮರ ಆದರೆ ಇನ್ನೂ ಕಷ್ಟ. ರಾತ್ರಿ ಹಾಗೇ ಬಿಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಸಿಪ್ಪೆ ಬಿದ್ದ ಜಾಗದಲ್ಲೆಲ್ಲ ಬೆಡ್ ಮೇಲೆ ಕಪ್ಪು ಕಲೆ. ಸ್ಯಾಂಡ್‌ಪೇಪರ್ ಹಿಡಿದರಂತೂ ಉದುರುವ ಪುಡಿ ಸಾಣೆಪುಡಿಯೇ. ಅದು ಕ್ಯಾರೇಜಿನ (ಬೆಡ್ ಮೇಲೆ ಓಡುವ ಭಾಗ) ಅಡಿಗೆ ಹೋದರೆ ನೀವು ನಿಮ್ಮ ಬೆಡ್ಡನ್ನು ನೀವೇ ಅರೆದ ಹಾಗೆ. ಏಪ್ರನ್ (ಕ್ಯಾರೇಜಿನ ಮುಂದಿರುವ ಗೇರು ಪೆಟ್ಟಿಗೆ) ಬಿಚ್ಚಿದಾಗ ಒಳಗೆ ಗೇರುಗಳ ನಡುವೆ ಎಣ್ಣೆ, ಹೊಟ್ಟು ಸೇರಿ ಸಗಣಿಯ ಹಾಗೆ ಗಟ್ಟಿಯಾಗಿತ್ತು. ಅದನ್ನು ಕಡ್ಡಿಯಲ್ಲಿ ಕೆರೆದು ತೆಗೆದಿದ್ದೇನೆ.

ವೇಗದ ಮಾತು ಬೇರೆ. 40 ಮಿ.ಮೀ. ಮರದ ಹಿಡಿಗೆ 2000 ಆರ್‌ಪಿಎಂ ಸಿಕ್ಕರೆ ಉಳಿ ಹಾಡುತ್ತದೆ. ನನ್ನ ಹಳೆಯ ಲೇತ್ 900ಕ್ಕೆ ನಿಲ್ಲುತ್ತಿತ್ತು. ಮರ ಕಡೆದ ಹಾಗಲ್ಲ, ಕಿತ್ತ ಹಾಗೆ ಇತ್ತು.

ಹಿತ್ತಾಳೆಪ್ರಿಯ
@ಮರದ ಮಗ್ಗಲು, ಬಿಚ್ಚಿ ಒರೆಸದೆ ಒಂದು ವರ್ಷ ಬಿಟ್ಟಿದ್ದು ಲೇತಿನ ತಪ್ಪಾ? ನಾನು ಬೆಡ್ ಮೇಲೆ ದಪ್ಪ ಕಾಗದ ಹಾಸಿ, ಅಂಚಿಗೆ ಮ್ಯಾಗ್ನೆಟ್ ಇಡುತ್ತೇನೆ. ಕೆಲಸ ಮುಗಿದ ಮೇಲೆ ಕಾಗದ ಮಡಚಿ ಎಸೆಯುವುದು, ವ್ಯಾಕ್ಯೂಮ್ ಹಿಡಿಯುವುದು, ಎಣ್ಣೆ ಒರೆಸುವುದು. ಹತ್ತು ನಿಮಿಷ. ನಾಲ್ಕು ವರ್ಷದಲ್ಲಿ ಒಂದು ಕಲೆ ಇಲ್ಲ. ಬಟ್ಟೆ ಮಾತ್ರ ಹಾಸಬೇಡಿ, ಚಕ್ (ಕೆಲಸವನ್ನು ದವಡೆಯಲ್ಲಿ ಹಿಡಿದು ತಿರುಗಿಸುವ ಭಾಗ) ಅದನ್ನು ಎಳೆದುಕೊಳ್ಳುತ್ತದೆ.

ಮರದ ಮಗ್ಗಲು
ಹತ್ತು ನಿಮಿಷ ಅಂತ ಹೇಳುವುದು ಸುಲಭ. ನಾನು ದಿನಕ್ಕೆ ಹನ್ನೆರಡು ಹಿಡಿ ಕಡೆಯುತ್ತಿದ್ದೆ. ನೀವು ತಿಂಗಳಿಗೆ ಎರಡು ನಾಬ್ ಮಾಡುವವರು. ಸುಮ್ನೆ ನನ್ನನ್ನು ಸೋಮಾರಿ ಅನ್ನಬೇಡಿ.

ಅರ-ಉಳಿ
ಉಳಿಗೆ ಏನು ಬಳಸುತ್ತೀರಿ ಅಂತ ಯಾರೂ ಹೇಳಲೇ ಇಲ್ಲ. ನಾನು ಹಳೆಯ ಅರಗಳನ್ನೇ ಸಾಣೆ ಹಿಡಿದು ಸ್ಕ್ರೇಪರ್ ಮಾಡಿಕೊಂಡಿದ್ದೇನೆ. ಹದಿನೈದು ವರ್ಷದಿಂದ ಅದೇ. ಮರಕ್ಕೂ ಅದೇ, ಹಿತ್ತಾಳೆಗೂ ಅದೇ. ಒಳ್ಳೆಯ ಉಕ್ಕು, ಎಸೆಯಲು ಮನಸ್ಸು ಬರುವುದಿಲ್ಲ.

ಟೂಲ್‌ರೂಮ್
ಅರವನ್ನು ಉಳಿ ಮಾಡುವ ಸಲಹೆ ಹೊಸಬರಿಗೆ ದಯವಿಟ್ಟು ಕೊಡಬೇಡಿ. ನನ್ನ ಎಡಗೈ ತೋರುಬೆರಳಿಗೆ ಮೂರು ಹೊಲಿಗೆ ಬಿದ್ದಿದ್ದು ಅದರಿಂದಲೇ. ಅರ ಗಾಜಿನಷ್ಟು ಪೆಡಸು. ರೆಸ್ಟಿಗೂ ಕೆಲಸಕ್ಕೂ 10 ಮಿ.ಮೀ. ಸಂದು ಬಿಟ್ಟಿದ್ದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಉಳಿಯ ಮೂಗು ಸಂದಿಗೆ ಎಳೆದುಕೊಂಡಿತು. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಆಗಿದ್ದರೆ ಕೈಯಿಂದ ಕಿತ್ತು ಹೋಗುತ್ತಿತ್ತೋ ಏನೋ, ಅರ ಎರಡು ತುಂಡಾಗಿ ಒಂದು ತುಂಡು ನನ್ನ ಕಡೆಗೇ ಬಂತು. ಕನ್ನಡಕ ಇತ್ತು. ಇಲ್ಲದಿದ್ದರೆ ಬೆರಳಿನ ಜೊತೆ ಕಣ್ಣೂ ಹೋಗುತ್ತಿತ್ತು.

ಲೋಹಕ್ಕೆ ನನ್ನ ಉಳಿ ಅಂದರೆ 6 ಮಿ.ಮೀ. ಚೌಕದ ಎಚ್‌ಎಸ್‌ಎಸ್ ಕಡ್ಡಿ. ಮೂಲೆಯಿಂದ ಮೂಲೆಗೆ 45 ಡಿಗ್ರಿ ಕತ್ತರಿಸಿ ಸಾಣೆ ಹಿಡಿದರೆ ಮುಖ ವಜ್ರದಾಕಾರ ಬರುತ್ತದೆ. ಇದೇ ಗ್ರೇವರ್. ಎಣ್ಣೆಕಲ್ಲಿನಲ್ಲಿ ಮುಖವನ್ನು ಕನ್ನಡಿ ಮಾಡಿ. ಕೆಳಗಿನ ಅಂಚು ರೆಸ್ಟನ್ನು ಕಚ್ಚಿ ನಿಲ್ಲುತ್ತದೆ, ಹಿಡಿಯನ್ನು ಪಕ್ಕಕ್ಕೆ ತೂಗಿದರೆ ಮೂತಿ ತಾನಾಗಿ ದುಂಡಗೆ ಓಡುತ್ತದೆ. ಕತ್ತರಿಸುವ ತುದಿ ಸೆಂಟರಿನ ಎತ್ತರದಲ್ಲಿ, ಇಲ್ಲವೇ ಕೂದಲೆಳೆಯಷ್ಟು ಮೇಲೆ. ಸಂದು 2 ಮಿ.ಮೀ. ಮೀರಬಾರದು. ಮೆತ್ತಗಿನ ಉಕ್ಕಿನಲ್ಲೂ ದಾರದಂಥ ಸುರುಳಿ ಬರುತ್ತದೆ. ಹಿತ್ತಾಳೆಗೆ ಉಳಿಯ ಮೇಲಿನ ಮುಖ ಚಪ್ಪಟೆ ಇರಲಿ. ಮುಖ ಇಳಿಜಾರಾದರೆ ಹಿತ್ತಾಳೆ ಉಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ.

ಅರ-ಉಳಿ
10 ಮಿ.ಮೀ. ಸಂದು ಬಿಟ್ಟು ಅರದ ಮೇಲೆ ಹೇಳುತ್ತೀರಲ್ಲ! ಅಷ್ಟು ಸಂದು ಬಿಟ್ಟರೆ ಯಾವ ಉಳಿಯೂ ಸಿಕ್ಕಿಕೊಳ್ಳುತ್ತದೆ. ನಾನು ಅರವನ್ನು ಹಾಗೇ ಬಳಸುವುದಿಲ್ಲ. ಮೊದಲು ಓವನ್ನಿನಲ್ಲಿ 220 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು ಹದ ಇಳಿಸುತ್ತೇನೆ (ಪೆಡಸು ಕಡಿಮೆ ಆಗಲು). ಉಜ್ಜಿದ ಜಾಗ ತಿಳಿ ಹುಲ್ಲಿನ ಬಣ್ಣ ಬಂದರೆ ಸರಿ. ಆಮೇಲೆ ಸಾಣೆ.

ಟೂಲ್‌ರೂಮ್
ಮೊದಲ ಉತ್ತರದಲ್ಲಿ ಹದದ ಮಾತೇ ಇರಲಿಲ್ಲ. ಅದನ್ನು ಓದಿ ಯಾರೋ ನಾಳೆ ಅರ ತೆಗೆದು ನೇರ ಸಾಣೆಗೆ ಹಿಡಿಯುತ್ತಾರೆ. ನನ್ನ ಸಿಟ್ಟು ಅದಕ್ಕೆ.

ಗೇರ್‌ಬಾಕ್ಸ್
ಎಲ್ಲರೂ ಉಳಿ ಉಳಿ ಅಂತಿದ್ದೀರಿ. ನನಗೆ ಆದದ್ದು ಕೇಳಿ. ರೆಸ್ಟ್ ಕ್ಯಾರೇಜ್ ಮೇಲಿತ್ತು. ಹಿಂದಿನ ದಿನ ಥ್ರೆಡ್ ಹೊಡೆದಿದ್ದೆ. ಹಾಫ್ ನಟ್ ಲಿವರ್ (ಕ್ಯಾರೇಜನ್ನು ಓಡಿಸುವ ಉದ್ದ ತಿರುಪಿಗೆ, ಅಂದರೆ ಲೀಡ್‌ಸ್ಕ್ರೂಗೆ, ಕೂಡಿಸುವ ಹಿಡಿ) ಕೆಳಗೇ ಉಳಿದಿತ್ತು, ಗೇರೂ ಬಿಡಿಸಿರಲಿಲ್ಲ. ಮೋಟಾರ್ ಹಾಕಿದ ಕೂಡಲೇ ಕ್ಯಾರೇಜ್ ಚಕ್ ಕಡೆಗೆ ನಡೆಯಿತು. ನಾನು ಉಳಿಯ ತುದಿ ನೋಡುತ್ತಿದ್ದೆ, ಕ್ಯಾರೇಜ್ ನೋಡಲಿಲ್ಲ. ಚಕ್ಕಿನ ದವಡೆ ರೆಸ್ಟಿನ ತುದಿಗೆ ಬಡಿಯಿತು. ದವಡೆಯ ಒಂದು ಮೂಲೆ ಹೋಯಿತು, ರೆಸ್ಟಿನ ಪೋಸ್ಟ್ ಬಾಗಿತು, ಫೀಡ್ ಗೇರಿನ ಮೂರು ಹಲ್ಲು ಉದುರಿದವು. ಆ ಗೇರ್ ಸಿಗಲು ಐದು ತಿಂಗಳು ಕಾದೆ. ಐದು ತಿಂಗಳು ಲೇತ್ ಸುಮ್ಮನೆ ನಿಂತಿತ್ತು.

ಈಗ ಕೈ ಕೆಲಸಕ್ಕೆ ಮೊದಲು ಲೀಡ್‌ಸ್ಕ್ರೂ ಗೇರ್ ಬಿಡಿಸಿ, ಕ್ಯಾರೇಜ್ ಲಾಕ್ ಬಿಗಿದು, ಚಕ್ಕನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡುತ್ತೇನೆ. ಆದಷ್ಟೂ ಕೋಲೆಟ್ಟಿನಲ್ಲಿ (ಹೊರಚಾಚಿದ ದವಡೆಯಿಲ್ಲದ ಹಿಡಿತ) ಹಿಡಿಯುತ್ತೇನೆ. ದವಡೆ ಬೆರಳಿನ ಗೆಣ್ಣಿಗೆ ಬಡಿಯುವ ಭಯ ಇರುವುದಿಲ್ಲ.

ಹಳೇಲೇತು
ಹಿಂದಿನವರು ಇದನ್ನೆಲ್ಲ ಕೈಯಲ್ಲೇ ಮಾಡುತ್ತಿದ್ದರು. 1800ರ ಸುಮಾರಿಗೆ ಇಂಗ್ಲೆಂಡಿನ ಹೆನ್ರಿ ಮಾಡ್ಸ್‌ಲೇ ಸ್ಲೈಡ್ ರೆಸ್ಟ್ (ಉಳಿಯನ್ನು ಹಿಡಿದು ಜಾರಿಸುವ ಭಾಗ) ಕಂಡುಹಿಡಿಯುವ ತನಕ ಲೋಹ ಕಡೆಯುವುದು ಅಂದರೆ ಉಳಿ, ರೆಸ್ಟ್, ಕೈ, ಇಷ್ಟೇ.

ಟೂಲ್‌ರೂಮ್
ಮಾಡ್ಸ್‌ಲೇ ಕಂಡುಹಿಡಿದದ್ದಲ್ಲ. ಅವರಿಗಿಂತ ಹಲವು ದಶಕ ಮೊದಲೇ ಫ್ರಾನ್ಸಿನ ವೋಕಾನ್ಸನ್ ಮಾಡಿದ ಲೇತಿನಲ್ಲಿ ಸ್ಲೈಡ್ ಮೇಲೆ ಉಳಿ ಓಡುತ್ತಿತ್ತು. ಆ ಲೇತ್ ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿದೆ. ಮಾಡ್ಸ್‌ಲೇ ದೊಡ್ಡತನ ಬೇರೆ. ಸ್ಲೈಡ್ ರೆಸ್ಟ್, ಲೀಡ್‌ಸ್ಕ್ರೂ, ಬದಲಿಸುವ ಗೇರು ಮೂರನ್ನೂ ಒಂದೇ ಗಟ್ಟಿ ಲೇತಿನಲ್ಲಿ ಸೇರಿಸಿ ಅಚ್ಚುಕಟ್ಟಾಗಿ ದುಡಿಸಿದ್ದು.

ಹಳೇಲೇತು
ನಾನು ಹೇಳಿದ್ದು ಅದು ಎಲ್ಲ ವರ್ಕ್‌ಶಾಪಿಗೆ ಮುಟ್ಟಿದ್ದು ಯಾರಿಂದ ಅಂತ. ಪ್ರತಿ ಮಾತಿಗೂ ತಿದ್ದಲೇಬೇಕಾ?

ಸಂಜೆಶೆಡ್
ಎಲ್ಲರಿಗೂ ಥ್ಯಾಂಕ್ಸ್. ಆದರೆ ನನ್ನ ಸ್ಲೈಡಿನಲ್ಲಿ ಟಿ-ಸ್ಲಾಟೇ ಇಲ್ಲ ಅಂತ ಮೊದಲೇ ಬರೆದಿದ್ದೆ. ಬೆಡ್ ಮೇಲೆ ಬುಡ ಇಟ್ಟರೆ ಕ್ಯಾರೇಜನ್ನು ಬಲಕ್ಕೆ ತಳ್ಳಬೇಕು, ಆಗ ಟೇಲ್‌ಸ್ಟಾಕ್ (ಕೆಲಸದ ಬಲತುದಿಗೆ ಆಸರೆ ಕೊಡುವ ಭಾಗ) ಹತ್ತಿರ ಬರುವುದಿಲ್ಲ. 300 ಮಿ.ಮೀ.ನಲ್ಲಿ ಜಾಗ ಎಲ್ಲಿದೆ?

ಮೂರನೇ ದವಡೆ
ಕಾಂಪೌಂಡ್ ಪೂರ್ತಿ ತೆಗೆಯಿರಿ. ಅದೇ ಎರಡು ಬೋಲ್ಟಿಗೆ ಒಂದು ಗಟ್ಟಿ ಉಕ್ಕಿನ ಬ್ಲಾಕ್ ಕೂರಿಸಿ, ಬ್ಲಾಕಿನಲ್ಲಿ ಪೋಸ್ಟಿಗೆ ತೂತು. ತೂತಿನ ಒಂದು ಬದಿ ಸೀಳಿ ಅಡ್ಡ ಬೋಲ್ಟ್ ಹಾಕಿ, ಅದು ಪೋಸ್ಟನ್ನು ಸುತ್ತ ಹಿಡಿಯುತ್ತದೆ. ಬರೀ ತಿರುಪು ಚುಚ್ಚಿ ನಿಲ್ಲಿಸಿದರೆ ಪೋಸ್ಟಿಗೆ ಗುಳಿ ಬೀಳುತ್ತದೆ, ಆಮೇಲೆ ಎತ್ತರ ಸ್ವಲ್ಪವೇ ಬದಲಿಸಲು ಹೋದರೆ ತಿರುಪು ಅದೇ ಗುಳಿಗೆ ಜಾರುತ್ತದೆ. ಕ್ರಾಸ್ ಸ್ಲೈಡ್ ಹ್ಯಾಂಡಲ್ ತಿರುಗಿಸಿದರೆ ರೆಸ್ಟ್ ಹತ್ತಿರ ಬರುತ್ತದೆ, ಸ್ಪ್ಯಾನರ್ ಮುಟ್ಟಬೇಕಿಲ್ಲ. ಗಿಬ್ ಬಿಗಿ ಮಾಡಿಕೊಳ್ಳಿ.

ಹಿತ್ತಾಳೆಪ್ರಿಯ
ಸಣ್ಣ ಲೇತಿನ ಕ್ರಾಸ್ ಸ್ಲೈಡ್ ಮೇಲೆ ಹಾಕಿದರೆ ಸ್ಲೈಡಿನ ಸ್ಕ್ರೂವಿನ ಸಡಿಲ ಎಲ್ಲ ಉಳಿಗೆ ಬರುತ್ತದೆ. ಬೆಡ್ಡಿಗೆ ಸಮ ಯಾವುದೂ ಇಲ್ಲ.

ಮೂರನೇ ದವಡೆ
ಕೈ ಉಳಿಯ ಒತ್ತಡ ಹೆಚ್ಚು ಕೆಳಮುಖ, ಸ್ಲೈಡಿನ ಮೈ ಮೇಲೆ. ಸ್ಕ್ರೂ ಮೇಲೆ ಬರುವುದು ಕಡಿಮೆ. ನಿಮ್ಮ ಆರು ಭಾನುವಾರ ಅವರಿಗೂ ಬೇಕೇ ಬೇಕು ಅಂತಿಲ್ಲ ಅಲ್ವಾ?

ಹಿತ್ತಾಳೆಪ್ರಿಯ
ಆ ಆರು ಭಾನುವಾರದ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಸಂಜೆಶೆಡ್
ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಕಾಂಪೌಂಡ್ ತೆಗೆದು ಬ್ಲಾಕ್ ಕೂರಿಸಿದೆ, 20 ಮಿ.ಮೀ. ಪೋಸ್ಟ್, ಸೀಳು ಹಿಡಿತ. ಮೊದಲ ಬ್ಲಾಕಿನ ಬೋಲ್ಟ್ ತೂತು 1 ಮಿ.ಮೀ. ತಪ್ಪಿ ಎಸೆದೆ. ಎರಡನೆಯದಕ್ಕೆ ಬೋಲ್ಟಿನ ತುದಿಗೆ ನೀಲಿ ಹಚ್ಚಿ ಅಚ್ಚು ತೆಗೆದು ಗುರುತು ಮಾಡಿದೆ, ಕೂತಿತು. ಗೇರ್ ಬಿಡಿಸಿ, ಕ್ಯಾರೇಜ್ ಲಾಕ್ ಮಾಡಿ, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದೆ. 25 ಮಿ.ಮೀ. ಹಿತ್ತಾಳೆ, 800 ಆರ್‌ಪಿಎಂ. ಮೊದಲ ಎರಡು ನಾಬ್ ಮೊಟ್ಟೆಯ ಹಾಗೆ ಬಂದವು. ಮೂರನೆಯದು ದುಂಡಗಿದೆ, ಡ್ರಾಯರಿಗೆ ಹಾಕಿದ್ದೇನೆ. ಲೋಹಕ್ಕೆ ಎಚ್‌ಎಸ್‌ಎಸ್ ಗ್ರೇವರ್. ಮರದ ಹಿಡಿಗೆ ಹಳೆಯ ಅರ, ಹದ ಇಳಿಸಿದ್ದು. ಬೆಡ್ ಮೇಲೆ ಕಾಗದ.

ಟೂಲ್‌ರೂಮ್
ಅರಕ್ಕೆ ಸಂದು ಎಷ್ಟು ಬಿಟ್ಟಿರಿ?

ಅರ-ಉಳಿ
ಸಂದು ಇರಲಿ. ಅರದ ಹಲ್ಲು ಪೂರ್ತಿ ಸವೆಸಿದಿರಾ, ತಳದ ಕಡೆಯೂ? ಹಲ್ಲಿನ ಬುಡದಲ್ಲೇ ಬಿರುಕು ಶುರುವಾಗುವುದು. ಒಂದು ಗೆರೆ ಉಳಿದಿದ್ದರೂ ಮತ್ತೆ ಸಾಣೆ ಹಿಡಿದು ಆಮೇಲೆ ಬಳಸಿ.